ಅಡುಗೆಯವನು

ಲಿವಾದ ದಾರಿಯಲ್ಲಿ, ಕೊನೆಯ ಪೆಟ್ರೋಲ್ ಬಂಕು ದಾಟಿದ ಮೇಲೆ
ಬಟ್ಟೆ ಸುತ್ತಿಕೊಳ್ಳದೆ ಟ್ಯಾಂಕರಿನ ಬಾಗಿಲು ಮುಟ್ಟುವಂತಿಲ್ಲ.
ಐವತ್ತಕ್ಕೆ ಒಂದು ಕಡಿಮೆ, ಎನ್ನುತ್ತದೆ ರೇಡಿಯೋ.
ಅದು ನೆರಳಿನ ಲೆಕ್ಕ.
ನೆರಳು ಎಲ್ಲಿದೆಯೆಂದು ಮಾತ್ರ ಹೇಳುವುದಿಲ್ಲ.

ಐದು ಸಾವಿರ ಗ್ಯಾಲನ್ ಸಿಹಿನೀರು ಬೆನ್ನ ಹಿಂದೆ,
ತುಟಿ ಒಡೆದ ನಾನು ಮುಂದೆ.

ಬಂದ ವರ್ಷ ನಿನ್ನನ್ನು ಬೈದಿದ್ದೆ, ದೇವರೇ.
ಅಮ್ಮ ಕಲಿಸಿದ ನೀನು ಬೇರೆ:
ಗಂಧ ಬಳಿದ ಹಣೆ, ಎಳನೀರಿನ ಅಭಿಷೇಕ,
ತೀರ್ಥ ಹಿಡಿದ ಅಂಗೈಗೆ ಇಳಿಯುವ ತಂಪು.
ಇಲ್ಲಿ ಇದ್ದದ್ದು ಒಂದು ಕಾವಲಿ.
ಅದರ ಮೇಲೆ ನಾವು,
ಮಗುಚಿ ಹಾಕುವವರೂ ಗತಿಯಿಲ್ಲದೆ.

ಖಲ್ಫಾನ್ ಮುದುಕನ ತೋಟ ಡಾಂಬರು ಮುಗಿಯುವಲ್ಲಿ.
ಬಾವಿ ಉಪ್ಪಾಗಿದೆ, ಉಳಿದದ್ದು ನಲವತ್ತು ಮರ,
ಗೊನೆಗೊನೆಗೂ ಬಲೆಯ ಚೀಲ.
ಪೈಪು ಜೋಡಿಸುತ್ತ ನಾನು ಬಿಸಿಲಿಗೆ ಶಾಪ ಹಾಕುತ್ತಿದ್ದರೆ
ಅವನು ಹಲ್ಲಿಲ್ಲದ ಬಾಯಿ ತುಂಬ ನಕ್ಕ:
"ಬೈಯಬೇಡ. ಅಡುಗೆಯವನು ಬಂದಿದ್ದಾನೆ."
ಯಾವ ಅಡುಗೆಯವನು? ಸುತ್ತ ನೋಡಿದೆ.
ಮರಳು, ಬೇಲಿ, ಮಲಗಿದ ಒಂದು ಆಡು.
ಅವನು ಬೆರಳೆತ್ತಿ ತೋರಿಸಿದ್ದು ಗಾಳಿಯನ್ನು,
ಒಲೆಬಾಯಿಯ ಹಾಗೆ ಮುಖಕ್ಕೆ ಉಸಿರೂದುವ ಅದೇ ಗಾಳಿಯನ್ನು.
"ಖರ್ಜೂರ ಬೇಯಿಸುವವನು. ಅವನು ಬರದ ವರ್ಷ
ನಾವು ಒಗರು ಅಗಿಯಬೇಕು."

ಒಂದು ಹಣ್ಣು ಕಿತ್ತು ಕೊಟ್ಟ. ಅರ್ಧ ಹಳದಿ, ಅರ್ಧ ಕಂದು.
ಹಳದಿಯ ಕಡೆ ಕಚ್ಚಿದೆ, ನಾಲಿಗೆ ಚರ್ಮದ ಹಾಗಾಯಿತು.
ಕಂದಿನ ಕಡೆ,
ಏನೆಂದು ಹೇಳಲಿ,
ಬೆಲ್ಲದ ಪಾಕ ಎಳೆ ಬರುವ ಹೊತ್ತಿಗೆ
ಅಜ್ಜಿ ಸೌಟಿನ ತುದಿಯಿಂದ ನಮ್ಮ ಅಂಗೈಗೆ ಬಿಡುತ್ತಿದ್ದ ಹನಿ.
ಅದೂ ಸುಡುತ್ತಿತ್ತು.
ಸುಟ್ಟರೂ ಮರುದಿನ ಕೈ ಒಡ್ಡಿಯೇ ಇರುತ್ತಿದ್ದೆವು.

ಅಂದು ಮೊದಲ ಸಲ ಬೈಗುಳವನ್ನು ಅರ್ಧಕ್ಕೇ ನುಂಗಿದೆ.
ಹೌದು, ಅಲ್ಲಿ ನೀನಿದ್ದೆ.
ಸೌಟು ಹಿಡಿದು, ಬೆವರದೆ, ಅವಸರವಿಲ್ಲದೆ.

ಲೆಕ್ಕ ಇಷ್ಟಕ್ಕೇ ಚುಕ್ತಾ ಆಯಿತೆಂದು ತಿಳಿಯಬೇಡ.
ಇದಿನಬ್ಬ ಎಂಬವನೊಬ್ಬನಿದ್ದ, ನಮ್ಮ ಕೋಣೆಯ ಕೆಳಗಿನ ಮಂಚ,
ಕಬ್ಬಿಣ ಕಟ್ಟುವ ಕೆಲಸ, ಮೀನಿನ ತಲೆಯೆಂದರೆ ಪ್ರಾಣ.
ಕಳೆದ ಆಗಸ್ಟಿನಲ್ಲಿ ಕಟ್ಟುವ ತಂತಿ ಕೈಯಲ್ಲಿರುವಂತೆಯೇ
ಕುಳಿತ, ಮತ್ತೆ ಏಳಲಿಲ್ಲ.
ಅವನನ್ನು ಬೇಯಿಸಿದ್ದೂ ಇದೇ ಗಾಳಿ.
ಅವನೇನು ಹಣ್ಣಾದನೇ?
ಹನ್ನೆರಡೂವರೆಗೆ ಕೆಲಸ ನಿಲ್ಲಿಸಬೇಕಿತ್ತು,
ಸೀಟಿ ಊದಬೇಕಾದವನು ಎ.ಸಿ. ಕಾರಿನಲ್ಲಿ ಫೋನಿನಲ್ಲಿದ್ದ.
ಆ ಪಾಲು ನಿನ್ನದಲ್ಲ, ಗೊತ್ತು.
ಉಳಿದ ಪಾಲು?

ಫೋನಿನ ಆ ಕಡೆ ಮೈಮೂನಾ ಒಂದೇ ಕೇಳಿದಳು:
"ಕೊನೆಗೆ ನೀರು ಕುಡಿದರಾ?"
ನೀರಿನ ಗಾಡಿ ಓಡಿಸುವವನು ನಾನು.
ಕುಡಿದ, ಎಂದೆ.
ಖರ್ಜೂರದ ಮಾತು ಎತ್ತಲಿಲ್ಲ.
ಎಲ್ಲ ನಿಜವನ್ನೂ ಎಲ್ಲರ ಎದುರು ಬಡಿಸಬಾರದು.

ಮೊನ್ನೆ ಬಿರುಗಾಳಿ ಎದ್ದು ಮೂರು ತಾಸು ರಸ್ತೆಯೇ ಇರಲಿಲ್ಲ.
ಗಾಜಿನ ಮೇಲೆ ಮರಳು, ಅಕ್ಕಿ ಕೇರುವ ಸದ್ದು.
ಇಳಿದು ನೋಡಿದರೆ ಒಂದು ದಿಬ್ಬವೇ ಪಕ್ಕಕ್ಕೆ ಸರಿದಿತ್ತು,
ಮೊಣಕಾಲೆತ್ತರದ ಗಾಫ್ ಗಿಡದ ಬೇರು ಬಯಲಾಗಿತ್ತು,
ನನ್ನ ತೋಳಿಗಿಂತ ದಪ್ಪ,
ಅಳೆಯಹೋದೆ, ಟ್ಯಾಂಕರಿನ ಉದ್ದ ಮುಗಿದರೂ
ಅದು ಇನ್ನೂ ಒಳಗೆ ಇಳಿಯುತ್ತಲೇ ಇತ್ತು.
ಮಳೆ ಸುರಿಯುವ ಊರಲ್ಲಿ ಹುಟ್ಟಿದ್ದರೆ
ಇಷ್ಟು ಆಳಕ್ಕೆ ಯಾಕೆ ಹೋಗುತ್ತಿತ್ತು ಅದು?
ಕಾಲಿನಿಂದ ಮರಳು ಎಳೆದು ಮುಚ್ಚಿದೆ.
ಗಾಡಿಯ ಹಿಂದಿನ ನಲ್ಲಿ ತಿರುವಿ ಒಂದು ಬಕೆಟ್ ಸುರಿದೆ,
ಲೆಕ್ಕಕ್ಕೆ ಬರೆಯಲಿಲ್ಲ.

ಹಳದಿಯಾಗಿಯೇ ಉದುರಿದ ಎರಡು ಕಾಯಿ
ಡ್ಯಾಶ್‌ಬೋರ್ಡಿನ ಮೇಲೆ ಬಿದ್ದುಕೊಂಡಿದ್ದವು, ಮುಚ್ಚಿದ ಗಾಜಿನ ಕಾವಿನಲ್ಲಿ.
ಮೂರನೆಯ ಟ್ರಿಪ್ಪಿಗೆ ಕಂದಾಗಿ, ಸೊರಗಿ, ಮೈ ಅಂಟು.
ಒಂದನ್ನು ತಿಂದೆ. ಸಿಹಿ. ನೀನು ಒಳ್ಳೆಯವನು, ಎಂದೆ,
ಬಾಯಲ್ಲಿ ಹಣ್ಣಿಟ್ಟುಕೊಂಡೇ.

ಇನ್ನೊಂದು ಹಾಗೇ ಇದೆ.
ಅದರ ವಿಷಯ
ನಿನ್ನ ಹತ್ತಿರ ಇನ್ನೂ ಮಾತಾಡುವುದಿದೆ.